ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ಕಾರಿನೊಳಗೆ ಪೆಟ್ರೋಲ್ ವಾಸನೆಯೇ? ಹಿಂದಿನ ಸೀಟ್ ಎತ್ತಿ ನೋಡಿ

ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ಎರಡು ಮೂರು ದಿನ ಕಾರಿನೊಳಗೆ ಪೆಟ್ರೋಲ್ ವಾಸನೆ, ಆಮೇಲೆ ತಾನಾಗಿ ಕಡಿಮೆ, ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ, ಸರ್ವಿಸ್‌ನವರು "ಲೀಕ್ ಏನೂ ಇಲ್ಲ" ಅಂದರು ಎಂದು ಬರೆದಿದ್ದೀರಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಟ್ಯಾಂಕ್ ತುಂಬಿದಾಗ ಬಂದು, ಪೆಟ್ರೋಲ್ ಇಳಿದಂತೆ ಹೋಗುವ ವಾಸನೆ ಹೆಚ್ಚಾಗಿ ಟ್ಯಾಂಕಿನ ಮೇಲ್ಭಾಗದ್ದು. ಟ್ಯಾಂಕ್ ತಳದಲ್ಲಿ ತೂತಾಗಿದ್ದರೆ ಪೆಟ್ರೋಲ್ ಎಷ್ಟೇ ಇದ್ದರೂ ಹನಿಯುತ್ತಿತ್ತು, ಅಲ್ವಾ?

ನನಗೂ ಇದೇ ಆಗಿತ್ತು. 2011ರ ಪೆಟ್ರೋಲ್ ಕಾರು. ಶಿವಮೊಗ್ಗದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಆಗುಂಬೆ ಮೇಲೆ ಉಡುಪಿಗೆ ಹೊರಟಿದ್ದೆವು. ತೀರ್ಥಹಳ್ಳಿ ದಾಟುವಷ್ಟರಲ್ಲಿ ಹಿಂದೆ ಕೂತಿದ್ದ ಮಗಳು "ಅಪ್ಪಾ, ಬಂಕ್ ವಾಸನೆ ಬರ್ತಿದೆ" ಅಂದಳು. ಘಾಟಿ ಇಳಿಯುವಾಗ ವಾಂತಿ ಮಾಡಿಕೊಂಡಳು. ತಿರುವುಗಳಿಗೆ ಹೀಗಾಯ್ತು ಅಂತ ಕೈಗೊಂದು ನಿಂಬೆಹಣ್ಣು ಕೊಟ್ಟು ಸಮಾಧಾನ ಮಾಡಿದೆವು. ಮುಂದೆ ಕೂತ ನಮಗೆ ವಾಸನೆ ಅಷ್ಟಾಗಿ ಗೊತ್ತಾಗಿರಲಿಲ್ಲ. ಅವಳು ಕೂತಿದ್ದದ್ದು ಸರಿಯಾಗಿ ಟ್ಯಾಂಕಿನ ಮೇಲೆ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲೂ ಮಕ್ಕಳು ಹಿಂದೆ ಕೂರುತ್ತಿದ್ದರೆ ಇದು ಸರಿಯಾಗುವವರೆಗೆ ಆ ಕಾರಿನಲ್ಲಿ ದೂರದ ಪ್ರಯಾಣ ಬೇಡ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಬೆಂಕಿಯ ಭಯ ಬೇರೆ.

ಸೀಟ್ ಎತ್ತುವ ಮುಂಚೆ ಒಂದು ಮಾತು. ಕಾರನ್ನು ಬಯಲಲ್ಲಿ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ಕಾಲ ಬುಡದಲ್ಲೇ ನಿಲ್ಲುತ್ತದೆ. ಹತ್ತಿರ ಬೀಡಿ, ಸಿಗರೇಟ್, ದೇವರ ದೀಪ ಯಾವುದೂ ಬೇಡ. ಟಾರ್ಚನ್ನು ಹೊರಗೆ ಆನ್ ಮಾಡಿಕೊಂಡೇ ಒಳಗೆ ತನ್ನಿ.

ಈಗಿನ ಹೆಚ್ಚಿನ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಅದರ ತಲೆ ಹಿಂದಿನ ಸೀಟಿನ ಕೆಳಗೇ ಸಿಗುತ್ತದೆ. ಸೀಟಿನ ಮುಂದಿನ ಅಂಚು ಹಿಡಿದು ಗಟ್ಟಿಯಾಗಿ ಮೇಲಕ್ಕೆಳೆದರೆ ಕ್ಲಿಪ್ ಬಿಟ್ಟುಕೊಳ್ಳುತ್ತದೆ, ಕೆಲವಕ್ಕೆ ಬೋಲ್ಟ್ ಇರುತ್ತದೆ. ಕಾರ್ಪೆಟ್ ಸರಿಸಿದರೆ ಒಂದು ಮುಚ್ಚಳ. ನಾನು ಅದನ್ನು ಎತ್ತಿದಾಗ ವಾಸನೆ ಮುಖಕ್ಕೆ ಹೊಡೆಯಿತು. ಪಂಪಿನ ತಲೆಯ ಸುತ್ತ ಧೂಳು ಕೂತಿತ್ತು. ಮೂರು ಕಡೆ ಬೂದಿಯ ಹಾಗೆ ಒಣ ಧೂಳು. ಬಲಗಡೆ ಮಾತ್ರ ಅರ್ಧಚಂದ್ರದ ಆಕಾರದಲ್ಲಿ ಕಪ್ಪಗೆ, ಒದ್ದೆ ಮಣ್ಣಿನ ಹಾಗೆ ಮೆತ್ತಿಕೊಂಡಿತ್ತು. ಬೆರಳಲ್ಲಿ ಒತ್ತಿ ಮೂಸಿದೆ. ಪೆಟ್ರೋಲೇ. ನೀವು ಹುಡುಕಬೇಕಾದದ್ದು ಈ ಒದ್ದೆ ಧೂಳನ್ನು. ಅದಕ್ಕೇ ನೋಡುವ ಮುಂಚೆ ಅಲ್ಲಿ ಒರೆಸಬೇಡಿ. ಟ್ಯಾಂಕ್ ತುಂಬಿಸಿದ ದಿನವೇ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಕಾರಣ ಆಮೇಲೆ ಗೊತ್ತಾಯಿತು. ಆರು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಪಂಪ್ ಬದಲಿಸಿದ್ದರು. ಪಂಪಿನ ತಲೆಗೂ ಟ್ಯಾಂಕಿಗೂ ನಡುವೆ ಕೂರುವ ರಬ್ಬರ್ ರಿಂಗ್ ಮಾತ್ರ ಹಳೆಯದನ್ನೇ ಹಾಕಿದ್ದರು. ಪೆಟ್ರೋಲ್ ಕುಡಿದ ರಬ್ಬರ್ ಊದಿಕೊಂಡಿರುತ್ತದೆ. ಒಮ್ಮೆ ಬಿಚ್ಚಿದರೆ ಮತ್ತೆ ಅದರ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಎಲ್ಲೋ ಒಂದು ಕಡೆ ಮಡಚಿಕೊಳ್ಳುತ್ತದೆ. ನಿಮ್ಮ ಕಾರಿಗೂ ಇತ್ತೀಚೆಗೆ ಪಂಪ್ ಕೆಲಸ ಆಗಿದೆಯಾ? ಆಗಿದ್ದರೆ ನನ್ನ ಮೊದಲ ಅನುಮಾನ ಆ ರಿಂಗ್ ಮೇಲೇ.

"ಪಂಪ್ ಅಸೆಂಬ್ಲಿ ಪೂರ್ತಿ ಹೊಸದು ಹಾಕಬೇಕು" ಅಂತ ಗ್ಯಾರೇಜಿನವರು ಹೇಳಿದರೆ ತಕ್ಷಣ ಒಪ್ಪಬೇಡಿ. ಪಂಪ್ ಚೆನ್ನಾಗಿದ್ದರೆ ರಿಂಗ್ ಒಂದೇ ಸಾಕು. ನನ್ನ ಕಾರಿಗೆ ಅದು ಬಿಡಿಯಾಗಿಯೇ ಸಿಕ್ಕಿತು. ಆದರೆ ಪಂಪಿನ ತಲೆಯ ಮೇಲೆ ಪೈಪ್ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ ಸೀಳಿದ್ದರೆ ಮಾತು ಬೇರೆ, ಆಗ ಬದಲಿಸಲೇಬೇಕು. ಮಾಮೂಲಿ ಸಿಲಿಕೋನ್ ಪೇಸ್ಟ್ ಮೆತ್ತಿಸಿಕೊಳ್ಳಬೇಡಿ, ಪೆಟ್ರೋಲ್ ತಾಗಿದರೆ ಅದು ಮೆತ್ತಗಾಗಿ ಕಿತ್ತುಬರುತ್ತದೆ. ಬಿಚ್ಚುವ ಕೆಲಸವನ್ನು ಪಳಗಿದ ಮೆಕ್ಯಾನಿಕ್ ಕೈಲೇ ಮಾಡಿಸಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿರಲಿ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನಲ್ಲಿರುವ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಇಷ್ಟು ಮಾಡದೆ ಪೈಪಿಗೆ ಕೈ ಹಾಕುವವರಿದ್ದರೆ ನಿಲ್ಲಿಸಿ, ಸಂಕೋಚ ಬೇಡ.

ಸೀಟಿನ ಕೆಳಗೆ ಒಣಗಿಯೇ ಇದ್ದರೆ? ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ಪೈಪ್ ನೋಡಿಸಿ. ಹಿಂದಿನ ಚಕ್ರದ ಮೇಲಿನ ಗೂಡಿನಲ್ಲಿರುತ್ತದೆ. ಮಳೆಗಾಲದ ಕೆಸರು ಅಲ್ಲೇ ಕೂತು ಕಬ್ಬಿಣದ ಭಾಗ ತುಕ್ಕು ಹಿಡಿಯುತ್ತದೆ, ರಬ್ಬರ್ ಭಾಗ ಬಿರಿಯುತ್ತದೆ.

ಬಂಕಿನಲ್ಲಿ ನಾಝಲ್ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡೋಕೆ ಇನ್ನೊಂದಿಷ್ಟು ಒತ್ತಿ ತುಂಬುತ್ತಾರಲ್ಲ, ಅದಕ್ಕೆ ಬಿಡಲೇಬೇಡಿ. ಟ್ಯಾಂಕಿನ ಆವಿ ಹೀರಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅನ್ನುತ್ತಾರೆ. ಮಿತಿಮೀರಿ ತುಂಬಿಸಿದರೆ ಅದರೊಳಗೆ ಪೆಟ್ರೋಲೇ ನುಗ್ಗಿ ಕೆಡುತ್ತದೆ. ಆಮೇಲೆ ಆವಿ ಹೊರಗೇ.

ಟ್ಯಾಂಕ್ ಖಾಲಿ ಇದ್ದರೂ, ಎಸಿ ಗಾಳಿಯ ಜೊತೆ ಮುಂದಿನಿಂದಲೇ ವಾಸನೆ ಬಂದರೆ ಅದು ಬಾನೆಟ್ ಕಡೆಯದು. ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ನ ಸೀಲ್ ಹೋಗಿರಬಹುದು, ಇಲಿ ಪೈಪ್ ಕಡಿದಿರಬಹುದು. ಅಂಥದ್ದಾದರೆ ಕಾರು ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ನನ್ನು ನಿಮ್ಮ ಮನೆಗೇ ಕರೆಸಿ. ಬಿಸಿ ಎಂಜಿನ್ ಪಕ್ಕದಲ್ಲೇ ಪೆಟ್ರೋಲ್ ಚಿಮ್ಮುತ್ತಿರುತ್ತದೆ.

ನನಗೆ ಹೊಸ ರಿಂಗ್ ಹಾಕಿದ ಮೇಲೂ ನಾಲ್ಕೈದು ದಿನ ಸಣ್ಣಗೆ ವಾಸನೆ ಇತ್ತು. ಕಾರ್ಪೆಟ್ ಕೆಳಗಿನ ಫೋಮ್ ಹೀರಿಕೊಂಡಿತ್ತು. ಬಿಚ್ಚಿ ಬಿಸಿಲಿಗೆ ಹಾಕಿದ ಮೇಲೆ ಹೋಯಿತು. ಆಮೇಲೆ ಫುಲ್ ಟ್ಯಾಂಕ್ ಮಾಡಿಸಿ, ರಾತ್ರಿ ಗಾಜು ಪೂರ್ತಿ ಏರಿಸಿ ನಿಲ್ಲಿಸಿದೆ. ಬೆಳಿಗ್ಗೆ ಮೊದಲು ಬಾಗಿಲು ತೆಗೆದು ಮೂಸಿ ನೋಡಿದ್ದು ಮಗಳೇ. "ಇಲ್ಲಪ್ಪಾ" ಅಂದಳು. ನೀವೂ ಹಾಗೇ ಪರೀಕ್ಷೆ ಮಾಡಿ. ಮುಚ್ಚಳ ಎತ್ತಿದಾಗ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.