ಪರಿಸರ ಅರ್ಥಶಾಸ್ತ್ರದಲ್ಲಿ ಪಿಎಚ್‌.ಡಿ.: ದತ್ತಾಂಶ ಮೊದಲೋ, ಪ್ರಶ್ನೆ ಮೊದಲೋ?

ಪ್ರಶ್ನೆ: ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿದಿದೆ. ಪರಿಸರ ಅರ್ಥಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ ಅಧ್ಯಾಪನಕ್ಕೆ ಹೋಗುವ ಆಸೆ. ವಾಯುಮಾಲಿನ್ಯದ ಉಪಗ್ರಹ ದತ್ತಾಂಶ ಪುಕ್ಕಟೆ ಸಿಗುತ್ತದಲ್ಲ, ಅದರಲ್ಲೇ ಪ್ರಬಂಧ ಮಾಡಬಹುದೇ? ಗಣಿತ ಎಷ್ಟು ಬೇಕು?

ಉತ್ತರ: ಮಾಡಬಹುದು. ಆದರೆ ದತ್ತಾಂಶ ಹಿಡಿದುಕೊಂಡು ಪ್ರಶ್ನೆ ಹುಡುಕಲು ಹೊರಡಬೇಡಿ. ಮೊದಲು ಒಂದು ನೀತಿಯನ್ನು ಆರಿಸಿಕೊಳ್ಳಿ. ಅದು ಎಂದು ಜಾರಿಯಾಯಿತು, ಯಾವ ಜಿಲ್ಲೆಗಳು ಅದರೊಳಗೆ ಬಂದವು, ಯಾವುವು ಹೊರಗುಳಿದವು, ಏಕೆ? ಹೊಗೆ ಹೆಚ್ಚಿದ್ದ ಕಡೆಗೇ ಕಾನೂನು ಮೊದಲು ಬಂದಿದ್ದರೆ ಉಳಿದ ಜಿಲ್ಲೆಗಳ ಜೊತೆಗಿನ ನೇರ ಹೋಲಿಕೆ ನಿಲ್ಲುವುದಿಲ್ಲ. ಜಾರಿಗೆ ಮುಂಚಿನ ನಾಲ್ಕೈದು ವರ್ಷ ಎರಡೂ ಗುಂಪುಗಳಲ್ಲಿ ಮಾಲಿನ್ಯದ ಏರಿಳಿತ ಒಂದೇ ತೆರನಾಗಿತ್ತೇ ಎಂದು ಗ್ರಾಫ್ ಹಾಕಿ ನೋಡಲೇಬೇಕು.

ಹೊಸಬರು ಎಡವುವುದು ಇಲ್ಲಿ: ಪಿಕ್ಸೆಲ್‌ಗಳು (ಉಪಗ್ರಹ ಚಿತ್ರದ ಪುಟ್ಟ ಚೌಕಗಳು) 10 ಲಕ್ಷ ಇರಬಹುದು, ಆದರೆ ನೀತಿ ಬದಲಾದದ್ದು 20 ಜಿಲ್ಲೆಗಳ ಮಟ್ಟದಲ್ಲಿ. ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) ಅನ್ನು ಜಿಲ್ಲಾವಾರು ಕ್ಲಸ್ಟರ್ ಮಾಡದಿದ್ದರೆ, ಅಂದರೆ ಒಂದು ಜಿಲ್ಲೆಯ ಪಿಕ್ಸೆಲ್‌ಗಳನ್ನೆಲ್ಲ ಒಂದೇ ಗುಂಪೆಂದು ಪರಿಗಣಿಸಿ ಲೆಕ್ಕ ಹಾಕದಿದ್ದರೆ, ಇಲ್ಲದ ಪರಿಣಾಮವೂ ಇದೆಯೆಂದು ತೋರುತ್ತದೆ. 20 ಕ್ಲಸ್ಟರ್ ಸಹ ಕಡಿಮೆಯೇ. ಗುಂಪುಗಳು ಕಡಿಮೆಯಿದ್ದಾಗ ಬಳಸುವ ಮರುಮಾದರಿ ವಿಧಾನವಾದ ವೈಲ್ಡ್ ಬೂಟ್‌ಸ್ಟ್ರ್ಯಾಪ್ ಕಲಿತಿರಿ. ಇನ್ನೊಂದು ಮಾತು, ಉಪಗ್ರಹ ಅಳೆಯುವುದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಣಗಳನ್ನು, ನಾವು ಉಸಿರಾಡುವ ಗಾಳಿಯನ್ನಷ್ಟೇ ಅಲ್ಲ. ಮೋಡ ಕವಿದ ದಿನ ಅಳತೆಯೇ ಸಿಗದು. ಹಾಗಾಗಿ ಮಳೆಗಾಲದ ಸರಾಸರಿಯೆಂದರೆ ಬಿಸಿಲಿದ್ದ ದಿನಗಳ ಸರಾಸರಿ ಮಾತ್ರ.

ಗಣಿತದಲ್ಲಿ ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕ್ಯುಲಸ್, ಸಂಭವನೀಯತೆ ಗಟ್ಟಿಯಾಗಿರಲಿ. ಮುಂದಿನ ಲಾಭ-ನಷ್ಟವನ್ನು ಇಂದಿನ ಬೆಲೆಗೆ ಇಳಿಸಲು ಬಳಸುವ ವಾರ್ಷಿಕ ದರ, ಅಂದರೆ ಡಿಸ್ಕೌಂಟ್ ದರವನ್ನಂತೂ ಕೈಯಾರೆ ಲೆಕ್ಕ ಹಾಕಿ ನೋಡಿ. 100 ವರ್ಷದ ನಂತರ ಆಗುವ 1 ಲಕ್ಷದ ಹಾನಿಗೆ ಇಂದಿನ ಬೆಲೆ ಶೇ. 1ರ ದರದಲ್ಲಿ ಸುಮಾರು 37,000. ಶೇ. 3ರಲ್ಲಿ 5,200. ಶೇ. 7ರಲ್ಲಿ ಬರೀ 115! ಹವಾಮಾನ ನೀತಿಯ ಎಷ್ಟೋ ಜಗಳಗಳು ಈ ಒಂದು ಸಂಖ್ಯೆಯ ಮೇಲೆಯೇ ನಿಂತಿವೆ. ಮೊಮ್ಮಕ್ಕಳ ಕಾಲದ ನಷ್ಟವನ್ನು ಶೇ. 7ರಲ್ಲಿ ಅಳೆಯುವವರು ಅದಕ್ಕೆ ಕಾರಣ ಕೊಡಲೇಬೇಕು.

ಪ್ರಶ್ನೆ: ಸೇರುವುದು ಅರ್ಥಶಾಸ್ತ್ರ ವಿಭಾಗಕ್ಕೋ, ಸಾರ್ವಜನಿಕ ನೀತಿ ವಿಭಾಗಕ್ಕೋ?

ಉತ್ತರ: ಅಧ್ಯಾಪನವೇ ಗುರಿಯಾದರೆ ಅರ್ಥಶಾಸ್ತ್ರ. ಆ ಪದವಿಗೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ, ನೀತಿ ವಿಭಾಗದ ಪದವಿ ಹಿಡಿದು ಅರ್ಥಶಾಸ್ತ್ರ ವಿಭಾಗ ಸೇರುವುದು ಕಷ್ಟ. ಕೆರೆ, ಕಾಡು, ಮೀನುಗಾರಿಕೆಯಂಥ ಸಮುದಾಯ ಸಂಪನ್ಮೂಲಗಳ ನಿರ್ವಹಣೆಯಲ್ಲಿ ಆಸಕ್ತಿಯಿದ್ದರೆ ಮಾತು ಬೇರೆ. ಅದೇ ವಿಷಯಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ರಾಜ್ಯಶಾಸ್ತ್ರಜ್ಞೆ. ಎಲ್ಲೇ ಸೇರಿದರೂ ಕಳೆದ ಐದು ವರ್ಷದಲ್ಲಿ ನಿಮ್ಮ ಮಾರ್ಗದರ್ಶಕರ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸಕ್ಕೆ ಸೇರಿದ್ದಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.