ಗೋಡೆಯ ತೇವಕ್ಕೂ ಮಗುವಿನ ಕೆಮ್ಮಿಗೂ ಸಂಬಂಧ ಇದೆಯಾ?

ಎರಡು ವರ್ಷದ ಮಗಳಿಗೆ ಪದೇ ಪದೇ ನೆಗಡಿ, ಕೆಮ್ಮು. ಮಲಗುವ ಕೋಣೆಯ ಗೋಡೆ ತೇವ ಹಿಡಿದಿದೆ, ಏರ್ ಪ್ಯೂರಿಫೈಯರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಅನ್ನುತ್ತೇನೆ. ನೆಗಡಿ ತರುವುದು ವೈರಸ್. ಈ ವಯಸ್ಸಿನಲ್ಲಿ ವರ್ಷಕ್ಕೆ 6–8 ಸಲ ಬರುವುದು ಮಾಮೂಲಿ. ಆದರೆ ತೇವ, ಬೂಸ್ಟು, ಹೊಗೆ ಇರುವ ಮನೆಯಲ್ಲಿ ಕೆಮ್ಮು, ಉಬ್ಬಸ ಜಾಸ್ತಿ.

ಬೀರು ಸರಿಸಿ ಹಿಂದಿನ ಗೋಡೆ ನೋಡಿ. ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಅದು ಬೂಸ್ಟು. ಸುಮ್ನೆ ಪೇಂಟ್ ಬಳಿದರೆ ಮತ್ತೆ ಬರುತ್ತದೆ. ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಗಿಸಬೇಡಿ, ದಿನಾ ಸ್ವಲ್ಪ ಹೊತ್ತು ಕಿಟಕಿ ತೆರೆದಿಡಿ.

ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ? ನೀವು ಬರೆದಿಲ್ಲ. ಹೌದಾದರೆ ಗೋಡೆಗಿಂತ ಮೊದಲು ಅದು ನಿಲ್ಲಲಿ. ಹೊರಗೆ ಸೇದಿ ಬಂದರೂ ಅದರ ಅಂಶ ಬಟ್ಟೆ, ಕೂದಲಿಗೆ ಅಂಟಿ ಒಳಗೆ ಬರುತ್ತದೆ, ಮಗುವನ್ನು ಎತ್ತಿಕೊಳ್ಳುವುದು ಅದೇ ಬಟ್ಟೆಯಲ್ಲಿ ಅಲ್ವಾ? ಸೊಳ್ಳೆ ಬತ್ತಿಯೂ ಬೇಡ, ಪರದೆ ಕಟ್ಟಿ.

ಕೆಮ್ಮಿದ್ದಾಗ, ಮಗು ಸುಮ್ಮನೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಈ ವಯಸ್ಸಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.