ಮಡಿಕೇರಿಯಲ್ಲಿ ಬಿಕಾಂ ಓದುತ್ತಿದ್ದೇನೆ. ಊರಲ್ಲಿದ್ದುಕೊಂಡೇ ಹೊಸ ಅವಕಾಶ ಹುಡುಕಿಕೊಳ್ಳುವುದು ಹೇಗೆ?

ಖಂಡಿತ ಆಗುತ್ತದೆ. ಆದರೆ ಯಾರೋ ಬಂದು ಕರೆಯಲಿ ಅಂತ ಕಾಯಬೇಡಿ. ಮೊದಲು ಸುತ್ತಮುತ್ತ ಇರುವ ಕೆಲಸ ನೋಡಿ.

ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಹಳೇ ಡೈರಿಗಳಿವೆ. ದಿನಾ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆದಿಟ್ಟಿರುತ್ತಾರೆ. 100 ಸೆಂಟ್ ಅಂದರೆ 1 ಇಂಚು. ಪರಿಚಯದ ತೋಟದವರನ್ನು ಕೇಳಿ, ಹತ್ತು ವರ್ಷದ ಲೆಕ್ಕ ಎಕ್ಸೆಲ್‌ಗೆ ಹಾಕಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವ ವಾರ ಬಂತು, ಆ ವರ್ಷ ಕಾಫಿ ಎಷ್ಟು ಮೂಟೆ ಆಯಿತು, ಕೂಲಿ, ಗೊಬ್ಬರ, ಸ್ಪ್ರಿಂಕ್ಲರ್‌ನ ಡೀಸೆಲ್‌ಗೆ ಎಷ್ಟು ಹೋಯಿತು, ಎಲ್ಲವನ್ನೂ ಪಕ್ಕಪಕ್ಕ ಇಡಿ. ಬಿಕಾಂ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗಂತೂ ತೋಚುವುದಿಲ್ಲ. ನಾಳೆ ಇಂಟರ್‌ವ್ಯೂನಲ್ಲಿ ತೋರಿಸಲು ನಿಮ್ಮದೇ ಕೆಲಸ ಇರುತ್ತದೆ, ಅಲ್ವಾ? ತೋಟದವರಿಗೂ ಉಪಯೋಗ. ಅವರ ಮನೆಯ ಲೆಕ್ಕ, ಹಾಗಾಗಿ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತೋರಿಸಬೇಡಿ.

ಆಮೇಲೆ ಆ ಪ್ರಾಜೆಕ್ಟ್ ಹಿಡಿದು ನಮ್ಮ ಕೊಡಗಿನದೇ ಊರಾದ ಚೆಟ್ಟಳ್ಳಿಗೆ ಹೋಗಿ. ಅಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ. ಬೆಣ್ಣೆಹಣ್ಣು, ರಂಬುಟಾನ್ ಮೇಲೆ ಕೆಲಸ ಮಾಡುವ ತೋಟಗಾರಿಕೆ ಪ್ರಯೋಗ ಕೇಂದ್ರವೂ ಇದೆ. ಮೊದಲೇ ಪತ್ರ ಬರೆದು ಸಮಯ ಕೇಳಿ. ಸುಮ್ನೆ ‘ಇಂಟರ್ನ್‌ಶಿಪ್ ಕೊಡಿ’ ಅನ್ನುವ ಬದಲು ಒಂದು ಒಳ್ಳೆಯ ಪ್ರಶ್ನೆ ಇಟ್ಟುಕೊಂಡು ಹೋಗಿ. ಆಗ ಮಾತು ಜಾಸ್ತಿ ಹೊತ್ತು ನಡೆಯುತ್ತದೆ, ಪರಿಚಯವೂ ಉಳಿಯುತ್ತದೆ.

ಕಲಿಯೋಕೆ ಸರ್ಕಾರದ ‘ಸ್ವಯಂ’ ಜಾಲತಾಣ ಇದೆ. ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಶುಲ್ಕ. ಒಂದೇ ಕೋರ್ಸ್ ಹಿಡಿದು ಪೂರ್ತಿ ಮುಗಿಸಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಹಾಗಾಗಿ ಪಾಠಗಳನ್ನು ಜೂನ್‌ಗೆ ಮುಂಚೆಯೇ ಇಳಿಸಿಟ್ಟುಕೊಳ್ಳಿ.